ಹಳೇ ಐ7ಗೆ ಹೊಸ ಕಾರ್ಡ್

ಹಳೇ ಕಂಪ್ಯೂಟರ್‌ಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು ಅಂತ ಬಾಯಿ ಬಿಟ್ಟರೆ ಸಾಕು, "ಬಾಟಲ್‌ನೆಕ್ ಆಗುತ್ತೆ" ಅನ್ನುವವರು ಎಲ್ಲಿಂದಲೋ ಬಂದುಬಿಡುತ್ತಾರೆ. ಹಳೇ ಪ್ರೊಸೆಸರ್ ನಿಧಾನವಾಗಿ ಹೊಸ ಕಾರ್ಡನ್ನೂ ತಡೆದು ನಿಲ್ಲಿಸುತ್ತದೆ ಅಂತ ಅವರ ಮಾತಿನ ಅರ್ಥ. ಚಿಕ್ಕಪ್ಪನ ಮಗ ಎನ್ವಿಡಿಯಾದ ಆರ್‌ಟಿಎಕ್ಸ್ 4060 ತಗೊಳ್ತೀನಿ ಅಂದಾಗಲೂ ಅವನ ಗೆಳೆಯರೆಲ್ಲ ಹೇಳಿದ್ದು ಇದನ್ನೇ. ಒಬ್ಬನಂತೂ ಬಾಟಲ್‌ನೆಕ್ ಕ್ಯಾಲ್ಕುಲೇಟರ್ ಒಂದರಲ್ಲಿ ಪ್ರೊಸೆಸರ್ ಮತ್ತು ಕಾರ್ಡಿನ ಹೆಸರು ಹಾಕಿ, ಬಂದ ಶೇಕಡಾ ಲೆಕ್ಕವನ್ನು ಕಳಿಸಿಯೂ ಬಿಟ್ಟಿದ್ದ. ನನಗೆ ಆ ಕ್ಯಾಲ್ಕುಲೇಟರ್‌ಗಳ ಮೇಲೆ ಎಳ್ಳಷ್ಟೂ ನಂಬಿಕೆ ಇಲ್ಲ. ಯಾವ ಆಟ, ಆ ಆಟದ ಯಾವ ಜಾಗ ಅಂತ ತಿಳಿಯದೆ ಒಂದು ಸಂಖ್ಯೆ ಹೇಳಿದರೆ ಅದನ್ನು ಇಟ್ಟುಕೊಂಡು ಏನು ಮಾಡೋದು?

ಅವನ ಮಷೀನಿನಲ್ಲಿ ಇದ್ದದ್ದು ಇಂಟೆಲ್ ಕೋರ್ ಐ7-4790. 2014ರ ಪ್ರೊಸೆಸರ್, 4 ಕೋರ್, 8 ಥ್ರೆಡ್ (ಅಂದರೆ ಒಟ್ಟಿಗೆ ಎಂಟು ಕೆಲಸದ ಸಾಲು ನಡೆಸಬಲ್ಲದು). ಜೊತೆಗೆ ಎಚ್97 ಮದರ್‌ಬೋರ್ಡ್, ಎರಡು ಸ್ಟಿಕ್ ಸೇರಿ 16 ಜಿಬಿ ಡಿಡಿಆರ್3 ರ‍್ಯಾಮ್. ಕಾರ್ಡ್ 2023ರದ್ದು. ಅಂದರೆ ಎರಡಕ್ಕೂ ಒಂಬತ್ತು ವರ್ಷದ ಅಂತರ.

ಕಾರ್ಡ್ ಆರಿಸುವಾಗ ಒಂದಿಷ್ಟು ಚರ್ಚೆ ಆಗಿತ್ತು. ಇಂಟೆಲ್ ಆರ್ಕ್ ಕಾರ್ಡ್‌ಗಳನ್ನು ಮೊದಲೇ ಬಿಟ್ಟೆವು. ಅವು ಚೆನ್ನಾಗಿ ಓಡಬೇಕಾದರೆ ರಿಸೈಜಬಲ್ ಬಾರ್ ಅನ್ನುವ ಸೌಲಭ್ಯ ಇರಲೇಬೇಕು, ಇಷ್ಟು ಹಳೇ ಬೋರ್ಡುಗಳಲ್ಲಿ ಅದು ಬರೋದಿಲ್ಲ. ಎಎಮ್‌ಡಿ ರೇಡಿಯಾನ್ ಸಾಲಿನ ಆರ್‌ಎಕ್ಸ್ 6500 ಎಕ್ಸ್‌ಟಿ ಕೂಡ ಬೇಡ ಅಂದೆ. ಅದಕ್ಕೆ ಇರುವುದು ಬರೀ 4 ಪಿಸಿಐಇ ಲೇನ್ (ಕಾರ್ಡಿಗೂ ಬೋರ್ಡಿಗೂ ನಡುವೆ ಡೇಟಾ ಓಡಾಡುವ ದಾರಿ), ಹಳೇ ಬೋರ್ಡಿನ ಪಿಸಿಐಇ 3.0 ವೇಗದಲ್ಲಿ ಅದು ಸೊರಗುತ್ತದೆ. ನನ್ನ ಒಲವು ಅದೇ ಸಾಲಿನ ಆರ್‌ಎಕ್ಸ್ 6600 ಕಡೆಗಿತ್ತು. ಡೈರೆಕ್ಟ್‌ಎಕ್ಸ್ 12 ಆಟಗಳಲ್ಲಿ ಪ್ರೊಸೆಸರ್ ನಿಧಾನವಾಗಿದ್ದರೆ, ಎನ್ವಿಡಿಯಾ ಡ್ರೈವರ್ ಅದರ ಮೇಲೆ ರೇಡಿಯಾನ್‌ಗಿಂತ ಸ್ವಲ್ಪ ಜಾಸ್ತಿ ಭಾರ ಹಾಕುತ್ತದೆ. ಆದರೆ ಅವನಿಗೆ ಎನ್ವಿಡಿಯಾದ ಫ್ರೇಮ್ ಜನರೇಶನ್, ಅಂದರೆ ಎರಡು ಫ್ರೇಮ್‌ಗಳ (ಪರದೆಯ ಒಂದೊಂದು ಚಿತ್ರ) ನಡುವೆ ಕಾರ್ಡ್ ತಾನೇ ಇನ್ನೊಂದನ್ನು ಹುಟ್ಟಿಸುವ ಸೌಲಭ್ಯ, ಬೇಕಿತ್ತು. ಕಾರ್ಡ್ ಅವನದು, ಸುಮ್ನೆ ವಾದ ಯಾಕೆ ಅಂತ ಒಪ್ಪಿಕೊಂಡೆ.

ಒಂದು ಭಾನುವಾರ ಮಧ್ಯಾಹ್ನ ಕ್ಯಾಬಿನೆಟ್ ಬಿಚ್ಚಿ ಕೂತೆವು. ಜೋಡಿಸುವ ಕೆಲಸದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಹಳೇ ಡ್ರೈವರ್ ತೆಗೆದೆವು, ಬೋರ್ಡಿನ ಬಯಾಸ್ ಹೊಸದು ಹಾಕಿದೆವು, ಕಾರ್ಡ್ ಸ್ಲಾಟಿನಲ್ಲಿ ಕೂತಿತು. 4060 ಎಳೆಯುವುದು 115 ವ್ಯಾಟ್ ಅಷ್ಟೇ. ಒಂದೇ 8 ಪಿನ್ ಕನೆಕ್ಟರ್ ಸಾಕು, ಅವನ 550 ವ್ಯಾಟ್ ಪವರ್ ಸಪ್ಲೈಗೆ ಅದೇನೂ ಭಾರವಲ್ಲ. ಪರದೆಯ ಮೇಲೆ ಚಿತ್ರ ಬಂತು. ಅವನ ಮುಖ ಅರಳಿತು.

ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತೆರೆದು ನೋಡಿದವನೇ ಗಾಬರಿಯಾದ. "ಅಣ್ಣ, ಪಿಸಿಐಇ 1.1 ಅಂತ ತೋರಿಸ್ತಿದೆ! ಸ್ಲಾಟ್ ಹೋಗಿದೆಯಾ?" ಹೋಗಿರಲಿಲ್ಲ. ಕೆಲಸ ಇಲ್ಲದಾಗ ಕಾರ್ಡ್ ವಿದ್ಯುತ್ ಉಳಿಸಲು ಆ ವೇಗಕ್ಕೆ ಇಳಿದಿರುತ್ತದೆ. ಅದೇ ಕಿಟಕಿಯಲ್ಲಿರುವ ರೆಂಡರ್ ಟೆಸ್ಟ್ ಒತ್ತಿದ ಕೂಡಲೇ 3.0ಗೆ ಏರಿತು. ಈ ಕಾರ್ಡಿಗೆ 8 ಲೇನ್ ಮಾತ್ರ ಇದೆ. ಹೊಸ ಬೋರ್ಡಿನಲ್ಲಿ 4.0 ವೇಗದಲ್ಲಿ ಸೆಕೆಂಡಿಗೆ ಸುಮಾರು 16 ಜಿಬಿ ಸಾಗಿಸುತ್ತದೆ, ಇಲ್ಲಿ ಅದರ ಅರ್ಧ. ಕಾರ್ಡಿನ 8 ಜಿಬಿ ಮೆಮೊರಿ ತುಂಬಿ ತುಳುಕುವ ತನಕ ಈ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಹಾಗಾಗಿ ಟೆಕ್ಸ್ಚರ್ ಗುಣಮಟ್ಟವನ್ನು ತೀರಾ ಮೇಲಕ್ಕೆ ಏರಿಸಬೇಡ ಅಂದೆ.

ಮೊದಲು ಹಾಕಿದ್ದು ಸೈಬರ್‌ಪಂಕ್ 2077. 2023ರಲ್ಲಿ ಈ ಆಟದ ಕನಿಷ್ಠ ಅಗತ್ಯವನ್ನು ಐ7-6700ಗೆ ಏರಿಸಿದರು, ಅಂದರೆ ನಮ್ಮ ಪ್ರೊಸೆಸರ್ ಆ ಗೆರೆಯ ಕೆಳಗೇ ಇದೆ. ಊರಾಚೆಯ ಬಯಲಿನಲ್ಲಿ ಗಾಡಿ ಓಡಿಸುವಾಗ ಎಲ್ಲ ಸರಾಗ. ಕಾರ್ಡ್ ಶೇ 95ರ ಮೇಲೆ ದುಡಿಯುತ್ತಿತ್ತು. ಜನ ತುಂಬಿದ ಮಾರುಕಟ್ಟೆಗೆ ಕಾಲಿಟ್ಟ ಕೂಡಲೇ ಫ್ರೇಮ್ ರೇಟ್ (ಸೆಕೆಂಡಿಗೆ ಬರುವ ಫ್ರೇಮ್‌ಗಳ ಸಂಖ್ಯೆ) ಕುಸಿದು 45ರ ಸುತ್ತ ತೂಗಾಡತೊಡಗಿತು. ಮಧ್ಯೆ ಮಧ್ಯೆ ಗಕ್ಕನೆ ನಿಂತು ಹೋಗುವುದು ಬೇರೆ. ಕಾರ್ಡಿನ ಬಳಕೆ ಅರ್ಧಕ್ಕಿಂತ ಸ್ವಲ್ಪ ಮೇಲೆ.

"ಅಣ್ಣ, ಕಾರ್ಡ್ ಅರ್ಧ ನಿದ್ದೆಯಲ್ಲಿದೆ."

ಗಾರೆ ಕಲಸಿ ಕೊಡುವವನು ನಿಧಾನವಾದರೆ ಮೇಸ್ತ್ರಿ ಕರಣೆ ಹಿಡಿದು ಸುಮ್ಮನೆ ಕೂರಬೇಕಾಗುತ್ತದಲ್ಲ, ಇದೂ ಅಷ್ಟೇ. ಪ್ರತಿ ಫ್ರೇಮಿಗೂ ಯಾರು ಎಲ್ಲಿ ನಡೆಯುತ್ತಿದ್ದಾರೆ, ಯಾವ ವಸ್ತು ಕಾಣಬೇಕು ಅಂತ ಲೆಕ್ಕ ಹಾಕಿ ಕಾರ್ಡಿಗೆ ಒಪ್ಪಿಸುವುದು ಪ್ರೊಸೆಸರ್. ಬಯಲಿನಲ್ಲಿ ಆ ಲೆಕ್ಕ ಕಡಿಮೆ, ಸಂತೆಯಲ್ಲಿ ವಿಪರೀತ. ಒಂದೇ ಕಂಪ್ಯೂಟರ್, ಒಂದೇ ಆಟ, ಹತ್ತು ನಿಮಿಷದ ಅಂತರದಲ್ಲಿ ಬಾಟಲ್‌ನೆಕ್ ಕಾರ್ಡಿನಿಂದ ಪ್ರೊಸೆಸರ್‌ಗೆ ದಾಟಿತ್ತು.

"ಆದ್ರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಶೇ 70 ಅಷ್ಟೇ ಇದೆಯಲ್ಲ?" ಅಂದ. ಒಳ್ಳೇ ಪ್ರಶ್ನೆ. ಆ ಸಂಖ್ಯೆ ಎಂಟೂ ಥ್ರೆಡ್‌ಗಳ ಸರಾಸರಿ. ಒಂದು ಥ್ರೆಡ್ ಪೂರ್ತಿ ಉಸಿರುಗಟ್ಟಿ ದುಡಿದರೂ ಒಟ್ಟು ಲೆಕ್ಕಕ್ಕೆ ಸೇರುವುದು ಶೇ 12.5 ಮಾತ್ರ. ಆಟದ ಮುಖ್ಯ ಥ್ರೆಡ್ ಒಂದೇ ಸಾಕು, ಎಲ್ಲವನ್ನೂ ತಡೆದು ನಿಲ್ಲಿಸಲು. ಅದಕ್ಕೇ ನಾನು ಸಿಪಿಯು ಶೇಕಡಾ ನೋಡುವುದೇ ಕಮ್ಮಿ, ಕಾರ್ಡಿನ ಬಳಕೆ ನೋಡುತ್ತೇನೆ. ಫ್ರೇಮ್‌ಗೆ ಮಿತಿ ಹಾಕಿರದಿದ್ದಾಗಲೂ ಕಾರ್ಡ್ ಪೂರ್ತಿ ದುಡಿಯುತ್ತಿಲ್ಲ ಅಂದರೆ ಅಡ್ಡಿ ಬೇರೆಲ್ಲೋ ಇದೆ ಅಂತ ಅರ್ಥ, ಹೆಚ್ಚಿನ ಸಲ ಪ್ರೊಸೆಸರ್‌ನಲ್ಲೇ.

ಅವನು ತಕ್ಷಣ ಗ್ರಾಫಿಕ್ಸ್ ಎಲ್ಲವನ್ನೂ ಲೋ ಮಾಡಿದ. ಎಲ್ಲರೂ ಮಾಡುವುದು ಅದನ್ನೇ ಅಲ್ವಾ? ಚಿತ್ರ ಹದಗೆಟ್ಟಿತೇ ಹೊರತು ಮಾರುಕಟ್ಟೆಯಲ್ಲಿ ಫ್ರೇಮ್ ರೇಟ್ ಹೆಚ್ಚುಕಮ್ಮಿ ಅಲ್ಲೇ ಉಳಿಯಿತು. ಕಡಿಮೆ ಪಿಕ್ಸೆಲ್‌ನಲ್ಲಿ ಚಿತ್ರ ಬಿಡಿಸಿ ಆಮೇಲೆ ಹಿಗ್ಗಿಸುವ ಡಿಎಲ್‌ಎಸ್‌ಎಸ್ ಹಾಕಿದ, ಅದೂ ಅಷ್ಟೇ. ಡಿಎಲ್‌ಎಸ್‌ಎಸ್ ಅಪ್‌ಸ್ಕೇಲಿಂಗ್ ಇಳಿಸುವುದು ಕಾರ್ಡಿನ ಕೆಲಸವನ್ನು, ಕಾರ್ಡ್ ಮೊದಲೇ ಖಾಲಿ ಕೂತಿತ್ತು.

ಹಾಗಾಗಿ ಉಲ್ಟಾ ಹೊರಟೆವು. ಅವನ ಮಾನಿಟರ್ 1440ಪಿ (ಅಂದರೆ ಎತ್ತರಕ್ಕೆ 1440 ಸಾಲು ಪಿಕ್ಸೆಲ್), ಹಳೇ ಕಾರ್ಡಿನ ಕಾಲದಿಂದ 1080ಪಿಯಲ್ಲೇ ಆಡುತ್ತಿದ್ದ. ಅದನ್ನು ಪೂರ್ತಿ 1440ಪಿಗೆ ಏರಿಸಿದೆವು. ಪ್ರೊಸೆಸರ್‌ಗೆ ಇದರಿಂದ ಹೆಚ್ಚುವರಿ ಕೆಲಸ ಇಲ್ಲವೇ ಇಲ್ಲ ಅನ್ನಬಹುದು. ಪಿಕ್ಸೆಲ್ ತುಂಬುವ ಪಾಡು ಕಾರ್ಡಿನದು. ಆಮೇಲೆ ಜನಸಂದಣಿಯ ಸೆಟ್ಟಿಂಗ್ ತಗ್ಗಿಸಿದೆವು. ಬೆಳಕು ನೆರಳನ್ನು ಲೆಕ್ಕ ಹಾಕಿ ತೋರಿಸುವ ರೇ ಟ್ರೇಸಿಂಗ್ ಆಫ್. ಅದು ಕಾರ್ಡಿಗೆ ಮಾತ್ರ ಭಾರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ದೃಶ್ಯದಲ್ಲಿನ ವಸ್ತುಗಳ ಪಟ್ಟಿಯನ್ನು ಪದೇಪದೇ ಸಿದ್ಧಪಡಿಸುವಾಗ ಪ್ರೊಸೆಸರ್ ಕೂಡ ಬಳಲುತ್ತದೆ.

ಕೊನೆಯದಾಗಿ ರಿವಾಟ್ಯೂನರ್ ಅನ್ನುವ ಸಾಫ್ಟ್‌ವೇರಿನಲ್ಲಿ ಫ್ರೇಮ್ ರೇಟನ್ನು 50ಕ್ಕೆ ಕಟ್ಟಿಹಾಕಿದೆ. ಇದಕ್ಕೆ ಅವನು ಸುಲಭಕ್ಕೆ ಒಪ್ಪಲಿಲ್ಲ. ಹೊಸ ಕಾರ್ಡ್ ಹಾಕಿ ಯಾರಾದರೂ ವೇಗಕ್ಕೆ ಲಗಾಮು ಹಾಕ್ತಾರಾ ಅಂತ ಅವನ ತಕರಾರು. ಒಮ್ಮೆ ಆಡಿ ನೋಡು ಅಂದೆ. 50 ಫ್ರೇಮ್ ಅಂದರೆ ಪ್ರತಿ ಫ್ರೇಮಿಗೂ 20 ಮಿಲಿಸೆಕೆಂಡ್. ಎಲ್ಲ ಫ್ರೇಮೂ ಆ ಹೊತ್ತಿಗೇ ಬಂದರೆ ಕಣ್ಣಿಗೆ ಹಿತ. ಒಂದು 12ಕ್ಕೆ, ಮುಂದಿನದು 40ಕ್ಕೆ ಬಂದರೆ ಸರಾಸರಿ ಎಷ್ಟೇ ಚೆನ್ನಾಗಿದ್ದರೂ ಆಟ ಜಗ್ಗಿದ ಹಾಗೆ ಅನ್ನಿಸುತ್ತದೆ. ಗ್ರಾಫಿನಲ್ಲಿ ಗರಗಸದ ಹಾಗಿದ್ದ ಗೆರೆ ಬಹುಪಾಲು ನೆಟ್ಟಗಾಯಿತು. ಮಾರುಕಟ್ಟೆಯ ನಡುವೆ ಒಂದೆರಡು ಕಡೆ ಈಗಲೂ ಎಡವುತ್ತದೆ, ಅದನ್ನು ಬಚ್ಚಿಡುವುದಿಲ್ಲ.

ಫ್ರೇಮ್ ಜನರೇಶನ್‌ನ ಸರದಿಯೂ ಬಂತು. ಮಧ್ಯದ ಫ್ರೇಮ್‌ಗಳನ್ನು ಕಾರ್ಡ್ ತಾನೇ ಹುಟ್ಟಿಸುವುದರಿಂದ ಪ್ರೊಸೆಸರ್‌ನ ಅಪ್ಪಣೆಗೆ ಕಾಯಬೇಕಾಗಿಲ್ಲ. ಮಿತಿ ತೆಗೆದು ಅದನ್ನು ಹಾಕಿದಾಗ ಕೌಂಟರ್ 80 ದಾಟಿತು, ನೋಡಲು ನಿಜಕ್ಕೂ ನುಣುಪು. ಆದರೆ ಮೌಸ್ ತಿರುಗಿಸಿದರೆ ಕೈಗೆ ಗೊತ್ತಾಗುತ್ತದೆ, ಸ್ಪಂದನೆ ಹಳೇ ವೇಗದ್ದೇ, ಇನ್ನೂ ಒಂಚೂರು ತಡವೂ ಹೌದು. ಗಾಡಿ ಓಡಿಸುತ್ತ ಊರು ನೋಡಲು ಇದು ಬೇಕು, ಗುರಿ ಇಟ್ಟು ಹೊಡೆಯಲು ಬೇಡ ಅಂತ ಅವನೇ ತೀರ್ಮಾನ ಮಾಡಿಕೊಂಡ.

ನಮ್ಮ ಯಾವ ಉಪಾಯವೂ ನಡೆಯದಿದ್ದದ್ದು ಕೌಂಟರ್-ಸ್ಟ್ರೈಕ್ 2ರಲ್ಲಿ. ಅಲ್ಲಿ ಅವನಿಗೆ 144 ಹರ್ಟ್ಜ್ ಮಾನಿಟರ್‌ಗೆ ತಕ್ಕಷ್ಟು ಫ್ರೇಮ್ ಬೇಕು, ಅಂದರೆ ಪ್ರತಿ ಫ್ರೇಮಿಗೂ 7 ಮಿಲಿಸೆಕೆಂಡಿಗಿಂತ ಕಡಿಮೆ. ಹೊಗೆ ಬಾಂಬ್ ಹಾರಿ ಹತ್ತು ಜನ ಒಟ್ಟಿಗೆ ಗುಂಡು ಹಾರಿಸುವಾಗ ಈ ಪ್ರೊಸೆಸರ್‌ಗೆ ಅದು ಆಗದ ಮಾತು. ಆ ಆಟಕ್ಕಾಗಿ ಕಾರ್ಡ್ ತಂದಿದ್ದರೆ ಬೇಡವೇ ಬೇಡ ಅನ್ನುತ್ತಿದ್ದೆ. ಅದು ಸರಿಹೋಗಬೇಕಾದರೆ ಪ್ರೊಸೆಸರ್ ಒಂದೇ ಬದಲಿಸಿದರೆ ಸಾಲದು, ಬೋರ್ಡೂ ರ‍್ಯಾಮೂ ಜೊತೆಗೇ ಹೋಗಬೇಕು. ಈ ಕಾರ್ಡ್ ಮಾತ್ರ ಹೊಸ ಬೋರ್ಡಿಗೂ ಬರುತ್ತದೆ, ಆಗ ಅದಕ್ಕೆ ಪಿಸಿಐಇ 4.0 ಕೂಡ ಸಿಗುತ್ತದೆ. ಅಲ್ಲಿಯವರೆಗೆ ಆ ಆಟವನ್ನು 90ರ ಆಸುಪಾಸಿನಲ್ಲೇ ಆಡುತ್ತಾ, ಸೋತಾಗಲೆಲ್ಲ ಪ್ರೊಸೆಸರ್ ಮೇಲೆ ತಪ್ಪು ಹಾಕುತ್ತಿದ್ದಾನೆ.