ಗೊಂಬೆ ನೋಡೋಕೆ ಅವ್ರು ಕರೆದ್ರು, ಗೋದಲಿ ನೋಡೋಕೆ ನಾವು ಕರೆದ್ವಿ

ಡಿಸೆಂಬರ್ ಬಂತು ಅಂದ್ರೆ ನಮ್ಮ ಚರ್ಚ್ ವಾಟ್ಸಾಪ್ ಗ್ರೂಪಲ್ಲಿ ಅದೇ ಮಾತು ಶುರುವಾಗುತ್ತೆ, ಅಕ್ಕಪಕ್ಕದವರಿಗೆ ಯೇಸು ಬಗ್ಗೆ ಹೇಗೆ ಹೇಳೋದು, ಹೇಳ್ಬೇಕಾ ಬೇಡ್ವಾ, ಹೇಳಿದ್ರೆ ತಪ್ಪು ತಿಳ್ಕೋತಾರಾ ಅಂತ. 2022ರಲ್ಲಿ ರಾಜ್ಯದಲ್ಲಿ ಮತಾಂತರದ ಕಾಯ್ದೆ ಬಂದಮೇಲಂತೂ ನಮ್ಮವರಲ್ಲಿ ತುಂಬಾ ಜನ ಕೇಕ್ ಕೊಡೋಕೂ ಹಿಂದೆಮುಂದೆ ನೋಡ್ತಾರೆ, ಇನ್ನು ಕೆಲವ್ರು ಇದಕ್ಕೆ ಉಲ್ಟಾ, ಸಿಕ್ಕಿದವರ ಕೈಗೆಲ್ಲ ಕರಪತ್ರ ತುರುಕ್ತಾರೆ. ನಾನು ಎರಡನ್ನೂ ಮಾಡಿ ನೋಡಿದೀನಿ, ಎರಡೂ ಸರಿಹೋಗ್ಲಿಲ್ಲ. ಸರಿಹೋಗಿದ್ದು ಯಾವುದು ಅಂತ ಇಲ್ಲಿ ಬರೀತಿದೀನಿ.

ನಮ್ಮನೆ ಮೈಸೂರಲ್ಲಿ, ಎನ್.ಆರ್. ಮೊಹಲ್ಲಾ ಕಡೆ. ಒಂದು ಪಕ್ಕ ಲಿಂಗಾಯತರು, ಎದುರಿಗೆ ಮುಸ್ಲಿಮ್ ಫ್ಯಾಮಿಲಿ, ಕೆಳಗಿನ ಮನೇಲಿ ಒಬ್ಬರು ಬ್ರಾಹ್ಮಣರ ಅಜ್ಜಿ. ಮೈಸೂರಿನವರಿಗೆ ಗೊತ್ತಲ್ಲ, ದಸರಾ ಬಂದ್ರೆ ಮನೆಮನೇಲಿ ಗೊಂಬೆ ಕೂರಿಸ್ತಾರೆ, ಪಟ್ಟದ ಗೊಂಬೆ ಮೇಲಿನ ಸಾಲಲ್ಲಿ, ಕೆಳಗೆ ಸೆಟ್ಟಿ ಅಂಗಡಿ, ಮದುವೆ ದಿಬ್ಬಣ, ಕ್ರಿಕೆಟ್ ಟೀಮು ಎಲ್ಲ. ನಾನು ಚಿಕ್ಕವಳಿದ್ದಾಗ ಬೀದಿ ಮಕ್ಕಳ ಜೊತೆ "ಗೊಂಬೆ ಕೂರ್ಸಿದೀರಾ?" ಅಂತ ಮನೆಮನೆ ಬಾಗಿಲಿಗೆ ಹೋಗ್ತಿದ್ದೆ. ಒಬ್ರೂ ನೀನು ಕ್ರಿಶ್ಚಿಯನ್ ಹುಡುಗಿ ಅಂತ ಬಾಗ್ಲಲ್ಲಿ ನಿಲ್ಲಿಸ್ಲಿಲ್ಲ. ಒಳಗೆ ಕರೆದು ಕೂರಿಸಿ, ಇದು ರಾಮನ ಪಟ್ಟಾಭಿಷೇಕ, ಇದು ದಶಾವತಾರ ಅಂತ ತೋರಿಸಿ ಕೈತುಂಬ ಚರಪು ಕೊಟ್ಟು ಕಳಿಸೋರು. ಅವ್ರ ದೇವರ ಕಥೆ ನಾನು ಕಲ್ತಿದ್ದು ಹಂಗೇನೇ, ಯಾರೂ ಬಲವಂತ ಮಾಡ್ಲಿಲ್ಲ, ನಾನೇ ಕೇಳ್ದೆ, ಅವ್ರು ಹೇಳಿದ್ರು.

ಆದ್ರೆ ದೊಡ್ಡವಳಾಗಿ ನನ್ನದೇ ಮನೆ ಮಾಡಿದಾಗ ನಾನು ಮಾಡಿದ್ದೇನು ಗೊತ್ತಾ, ಒಂದು ಕ್ರಿಸ್ಮಸ್‌ಗೆ ಕರ್ಜಿಕಾಯಿ ತಟ್ಟೆ ಕೆಳಗೆ ಒಂದೊಂದು ಚಿಕ್ಕ ಪುಸ್ತಕ ಇಟ್ಟು ಎಲ್ಲರ ಮನೆಗೂ ಕೊಟ್ಟೆ. ಯಾರೂ ಏನೂ ಅನ್ಲಿಲ್ಲ. ಮುಂದಿನ ವರ್ಷ ತಟ್ಟೆ ತಗೊಂಡು ಹೋದಾಗ ಒಂದು ಮನೆಯವ್ರು ಬಟ್ಟೆ ಸ್ವಲ್ಪ ಎತ್ತಿ ನೋಡಿ, "ಇದ್ರಲ್ಲಿ ಬರೀ ತಿಂಡಿ ತಾನೇ ಇರೋದು?" ಅಂತ ಕೇಳಿದ್ರು. ಮೆಲ್ಲಗೆ, ಮರ್ಯಾದೆಯಿಂದಾನೇ ಕೇಳಿದ್ರು, ನನಗೆ ಮಾತ್ರ ಗಂಟಲು ಕಟ್ಟಿಹೋಯ್ತು. ಪ್ರೀತಿಯಿಂದ ಕೊಟ್ಟ ತಿಂಡಿನ ಅವ್ರು ಅನುಮಾನದಿಂದ ನೋಡೋ ಹಾಗೆ ಮಾಡಿದ್ದು ನಾನು. ಅವತ್ತಿಂದ ನಮ್ಮನೇಲಿ ತಿಂಡಿ ಅಂದ್ರೆ ತಿಂಡಿ ಅಷ್ಟೇ.

ತಿಂಡಿ ವಿಷ್ಯದಲ್ಲಿ ಒಂದೆರಡು ಮಾತು ಹೇಳ್ಬಿಡ್ತೀನಿ, ಯಾಕಂದ್ರೆ ಇಲ್ಲೇ ತುಂಬಾ ಜನ ಎಡವೋದು. ರೋಸ್ ಕುಕ್ಕಿ ಹಿಟ್ಟಿಗೆ ಮೊಟ್ಟೆ ಹಾಕ್ತೀವಲ್ಲ, ಅಜ್ಜಿ ಮನೆಗೆ ಅದು ಹೋಗೋ ಹಾಗಿಲ್ಲ, ಅದಕ್ಕೆ ನಾನು ಮೊದಲು ಹೊಸ ಎಣ್ಣೆ ಇಟ್ಟು ಕರ್ಜಿಕಾಯಿ, ಚಕ್ಲಿ ಕರಿದು ಸಸ್ಯಾಹಾರಿ ಮನೆಗಳ ಪಾಲು ಬೇರೆ ಡಬ್ಬಕ್ಕೆ ಹಾಕಿಟ್ಟು, ಆಮೇಲೆ ಅದೇ ಬಾಣಲೇಲಿ ಮೊಟ್ಟೆ ಹಾಕಿದ್ದು ಕರೀತೀನಿ. ಕೇಕಿಗೆ ದ್ರಾಕ್ಷಿ, ಖರ್ಜೂರ, ಟೂಟಿಫ್ರೂಟಿ ರಮ್ಮಲ್ಲಿ ನೆನೆಸಿದ್ರೆ ಎದುರುಮನೆ ಆಪಾಗೆ ಕೊಡೋಕಾಗಲ್ಲ, ಕಿತ್ತಳೆ ಹಣ್ಣಿನ ರಸದಲ್ಲಿ ನೆನೆಸ್ತೀನಿ, ರುಚಿಗೇನೂ ಕಮ್ಮಿ ಇಲ್ಲ. ಕೊಡೋವಾಗ ಬಾಯಿಬಿಟ್ಟು ಹೇಳ್ತೀನಿ, ಅಜ್ಜಿ ಇದಕ್ಕೆ ಮೊಟ್ಟೆ ಹಾಕಿಲ್ಲ, ಆಪಾ ಇದ್ರಲ್ಲಿ ರಮ್ ಇಲ್ಲ ಅಂತ. ಅವ್ರ ನಂಬಿಕೆನ ನಾವು ನಮ್ಮ ಅಡುಗೆಮನೇಲೇ ಗೌರವಿಸಿದ್ರೆ, ನಮ್ಮ ನಂಬಿಕೆ ಬಗ್ಗೆ ಕೇಳೋಕೆ ಅವ್ರಿಗೂ ಧೈರ್ಯ ಬರುತ್ತೆ.

ಇನ್ನು ಗೋದಲಿ. ಗೋದಲಿ ಅಂದ್ರೆ ದನಕ್ಕೆ ಹುಲ್ಲು ಹಾಕೋ ತೊಟ್ಟಿ, ಯೇಸು ಹುಟ್ಟಿದ ಕೊಟ್ಟಿಗೇನ ಗೊಂಬೆ ಇಟ್ಟು ತೋರಿಸೋದಕ್ಕೂ ನಾವು ಹಾಗೇ ಅಂತೀವಿ. 1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನೋ ಊರಲ್ಲಿ ಸಂತ ಅಸ್ಸಿಸಿಯ ಫ್ರಾನ್ಸಿಸ್ ಹುಲ್ಲು ತುಂಬಿದ ಗೋದಲಿ ಇಟ್ಟು, ನಿಜವಾದ ಎತ್ತು ಕತ್ತೆ ನಿಲ್ಲಿಸಿ ಕ್ರಿಸ್ಮಸ್ ಆಚರಿಸಿದ್ರು, ಯೇಸು ಎಂಥ ಬಡತನದಲ್ಲಿ ಹುಟ್ಟಿದ್ರು ಅನ್ನೋದನ್ನ ಜನ ಕಣ್ಣಾರೆ ನೋಡ್ಲಿ ಅಂತ. ಅಂದ್ರೆ ನೋಡೋಕೆ ಬನ್ನಿ ಅಂತ ಕರೆಯೋದು ಗೋದಲಿಯ ಹುಟ್ಟಲ್ಲೇ ಇದೆ, ನಾವೇ ಅದನ್ನ ಮನೆ ಮೂಲೇಲಿಟ್ಟು ನಮ್ಮನಮ್ಮಲ್ಲೇ ಫೋಟೋ ತಕ್ಕೊಂಡು ಸುಮ್ನಾಗ್ತೀವಿ. ಕೆಲವು ವರ್ಷದ ಹಿಂದೆ ನನಗೆ ಹೊಳೀತು, ಇವ್ರೆಲ್ಲ ಗೊಂಬೆ ನೋಡೋಕೆ ನನ್ನ ಕರೀತಾರೆ, ನಾನು ಯಾಕೆ ಗೋದಲಿ ನೋಡೋಕೆ ಕರೀಬಾರ್ದು?

ಕರೆಯೋದಕ್ಕಿಂತ ಮುಂಚೆ, ಕಟ್ಟೋಕೇ ಸೇರಿಸ್ಕೊಂಡ್ರೆ ಇನ್ನೂ ಚೆನ್ನಾಗಿರುತ್ತೆ. ಡಿಸೆಂಬರ್ 12ರ ಹೊತ್ತಿಗೆ ತೆಂಗಿನ ಚಿಪ್ಪಲ್ಲಿ ಮಣ್ಣು ತುಂಬಿ, ರಾತ್ರಿ ನೆನೆಸಿದ ರಾಗಿ ಚೆಲ್ತೀವಿ, ಕ್ರಿಸ್ಮಸ್ ಹೊತ್ತಿಗೆ ಹಸಿರಾಗಿ ಎದ್ದು ನಿಂತಿರುತ್ತೆ, ಅದೇ ಗೋದಲಿಗೆ ಹುಲ್ಲುಗಾವಲು. ನೀರು ಹಾಕೋ ಡ್ಯೂಟಿ ಬೀದಿ ಮಕ್ಕಳದ್ದು. ಅಪ್ಪ ಅಮ್ಮನ್ನ ಕೇಳ್ಕೊಂಡೇ ಬರ್ಬೇಕು ಅಂತ ಮೊದಲೇ ಹೇಳಿರ್ತೀನಿ, ಇದು ಮುಖ್ಯ, ಮಕ್ಕಳ ವಿಷ್ಯದಲ್ಲಿ ದೊಡ್ಡೋರಿಗೆ ಗೊತ್ತಿಲ್ಲದ ಹಾಗೆ ಏನನ್ನೂ ಮಾಡ್ಬಾರ್ದು.

ಮರಿಯಮ್ಮ, ಜೋಸೆಫ್, ಕುರುಬರು, ಕುರಿ ಎಲ್ಲ ಇಡ್ತೀವಿ, ಮಗು ಮಾತ್ರ ಇಡಲ್ಲ. ಬಾಲಯೇಸುನ ಇಡೋದು 24ರ ರಾತ್ರಿ ಪೂಜೆ ಮುಗಿದ್ಮೇಲೆ. ಅಲ್ಲಿವರೆಗೂ ಹುಲ್ಲಿನ ಮೇಲೆ ಒಂದು ಚಿಕ್ಕ ಗುಳಿ ಖಾಲಿ ಇರುತ್ತೆ. ಮೊದಲ ಸಲ ಕರೆದಾಗ ಅಜ್ಜಿ ಕನ್ನಡಕ ಸರಿಮಾಡ್ಕೊಂಡು ಬಗ್ಗಿ ನೋಡಿ ಕೇಳಿದ್ದೇ ಅದನ್ನ.

"ಮಗು ಎಲ್ಲಮ್ಮ?"

"ಇನ್ನೂ ಹುಟ್ಟಿಲ್ಲ ಅಜ್ಜಿ, ನಾಳಿದ್ದು ರಾತ್ರಿ."

"ಅಯ್ಯೋ, ತುಂಬಿದ ಬಸುರೀನ ದನದ ಕೊಟ್ಟಿಗೇಲಿ ಯಾಕಮ್ಮ ಕೂರ್ಸಿದೀರಾ?"

ಆಗ ಹೇಳ್ದೆ. ಜನಗಣತಿಗೆ ಅಂತ ರಾಜನ ಆಜ್ಞೆ ಆಗಿತ್ತು, ನಜರೇತಿಂದ ಬೆತ್ಲೆಹೇಮಿಗೆ ಹೋಗ್ಬೇಕಾಯ್ತು, ಊರು ತುಂಬಾ ಜನ, ಛತ್ರದಲ್ಲಿ ಜಾಗ ಸಿಗ್ಲಿಲ್ಲ, ಮಗುನ ಬಟ್ಟೇಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದ್ರು ಅಂತ. ಅಜ್ಜಿ ಸುಮ್ನೆ ಕೇಳಿಸ್ಕೊಂಡ್ರು. ಆಮೇಲೆ, "ಅಷ್ಟು ಜನದಲ್ಲಿ ಒಬ್ರಾದ್ರೂ ಒಂದು ಮೂಲೆ ಬಿಟ್ಟುಕೊಡ್ಲಿಲ್ವೇ?" ಅಂದ್ರು, ದನಿ ನಡುಗ್ತಿತ್ತು. ನಾನು ಅಷ್ಟು ವರ್ಷದಿಂದ ಲೂಕನ ಸುವಾರ್ತೆ ಎರಡನೇ ಅಧ್ಯಾಯ ಕೇಳ್ತಾ ಬಂದಿದೀನಿ, ಒಂದು ಸಲಾನೂ ನನಗೆ ಹಾಗೆ ಸಿಟ್ಟು ಬಂದಿರ್ಲಿಲ್ಲ. 25ರ ಬೆಳಗ್ಗೆ ಅಜ್ಜಿ ಕೈಯಲ್ಲಿ ಒಂದು ಅಂಗೈ ಅಗಲದ ರೇಷ್ಮೆ ತುಂಡು, ಯಾವುದೋ ಹಳೇ ಕುಪ್ಪಸದ್ದು. "ಚಳಿ ಅಲ್ವೇನಮ್ಮ, ಮಗೂಗೆ ಹೊದಿಸು" ಅಂತ ಕೊಟ್ರು. ಈಗಲೂ ಪ್ರತಿ ವರ್ಷ ಬಾಲಯೇಸುಗೆ ಅದೇ ಹೊದಿಕೆ.

ಅಜ್ಜಿಗೆ ನಾನು ಮತ ಬದಲಾಯಿಸಿ ಅಂತ ಹೇಳ್ಲಿಲ್ಲ, ಹೇಳೋದೂ ಇಲ್ಲ. ಆದ್ರೆ ಯೇಸು ಯಾರು ಅಂತ ನನಗೆ ಅನ್ಸುತ್ತೋ ಅದನ್ನ ಮುಚ್ಚಿಡ್ಲೂ ಇಲ್ಲ, ದೇವ್ರು ನಮ್ಮ ಜೊತೆ ಇರೋಕೆ ಬಂದಾಗ ಕೊಟ್ಟಿಗೇನೇ ಆರಿಸ್ಕೊಂಡ, ಅದಕ್ಕೇ ನನ್ನ ಕಷ್ಟದಲ್ಲಿ ಅವನ ಹತ್ರ ಹೋಗೋಕೆ ನನಗೆ ಸಂಕೋಚ ಇಲ್ಲ ಅಂತ ಹೇಳ್ದೆ. ಬೈಬಲಿನ ಪೇತ್ರನ ಮೊದಲನೇ ಪತ್ರದಲ್ಲಿ (3:15) ಇದೇ ಇದೆ ನೋಡಿ, ನಿಮ್ಮ ನಿರೀಕ್ಷೆಗೆ ಕಾರಣ ಏನು ಅಂತ ಕೇಳಿದವರಿಗೆ ಉತ್ತರ ಕೊಡೋಕೆ ರೆಡಿ ಇರಿ, ಆದ್ರೆ ವಿನಯದಿಂದ, ಗೌರವದಿಂದ ಕೊಡಿ ಅಂತ. ನಾವು ಕೇಳದೇ ಇರೋರಿಗೆ ಉತ್ತರ ಕೊಡೋಕೆ ಹೋಗ್ತೀವಿ, ಕೇಳಿದಾಗ ತಡವರಿಸ್ತೀವಿ. ಅದಕ್ಕೇ ನಾನು ಎರಡೇ ನಿಮಿಷದಲ್ಲಿ, ಮನೆಮಾತಲ್ಲಿ, ಆ ಕಥೆ ಹೇಳೋದನ್ನ ಅಭ್ಯಾಸ ಮಾಡ್ಕೊಂಡೆ. ನೀವೂ ಮಾಡ್ಕೊಳ್ಳಿ. "ಕೃಪೆ", "ರಕ್ಷಣೆ" ಅಂತ ನಮ್ಮ ಚರ್ಚ್ ಮಾತು ಬೇಡ, ಹೊರಗಿನವರಿಗೆ ಅರ್ಥ ಆಗಲ್ಲ.

ಆಪಾ ಬಂದಾಗ ಮಾತು ಬೇರೆ ದಾರಿ ಹಿಡೀತು. ಅವ್ರ ಖುರಾನಲ್ಲಿ ಮರಿಯಮ್ ಹೆಸರಲ್ಲೇ ಒಂದು ಅಧ್ಯಾಯ ಇದೆ, ಅದ್ರಲ್ಲಿ ನೋವು ಬರೋದು ಖರ್ಜೂರದ ಮರದ ಹತ್ರ ಅಂತ ಅವ್ರೇ ನನಗೆ ಹೇಳಿದ್ರು, ನನಗೆ ಗೊತ್ತೇ ಇರ್ಲಿಲ್ಲ. ಅವ್ರಿಗೆ ಈಸಾ ಪ್ರವಾದಿ, ನಮಗೆ ದೇವಪುತ್ರ. ಈ ವ್ಯತ್ಯಾಸ ಇಬ್ರಿಗೂ ಗೊತ್ತು, ಅದನ್ನ ಒಪ್ಕೊಂಡೇ ಟೀ ಕುಡಿದ್ವಿ.

ಕ್ಯಾರಲ್ಸ್ ಬಗ್ಗೆ ಒಂದೇ ಮಾತು, ರಾತ್ರಿ ಹನ್ನೊಂದಕ್ಕೆ ಡ್ರಮ್ ಬಾರಿಸ್ಕೊಂಡು ಹೋಗ್ಬೇಡಿ. ಎಂಟೂವರೆ ಒಳಗೆ ಹೋಗಿ, ಮೊದಲೇ ಹೇಳಿ ಹೋಗಿ, ಎರಡು ಹಾಡಾದ್ರೂ ಕನ್ನಡದ್ದು ಹಾಡಿ. ಕಾಯಿಲೆ ಇರೋ ಮನೇಲಿ "ನಿಮಗೋಸ್ಕರ ಪ್ರಾರ್ಥನೆ ಮಾಡ್ಲಾ?" ಅಂತ ಕೇಳಿ, ಬೇಡ ಅಂದ್ರೆ ಬಿಟ್ಬಿಡಿ, ವಾಸಿ ಆಗುತ್ತೆ ಅಂತ ಮಾತ್ರ ಯಾವತ್ತೂ ಮಾತು ಕೊಡ್ಬೇಡಿ.

ಮತ್ತೆ, ಅವ್ರು ಕೊಟ್ಟಿದ್ದನ್ನ ತಗೊಳ್ಳಿ. ನಾನು ಕೊಟ್ಟ ತಟ್ಟೆ ಖಾಲಿ ವಾಪಸ್ ಬಂದಿದ್ದೇ ಇಲ್ಲ, ಸಂಕ್ರಾಂತಿಗೆ ಎಳ್ಳುಬೆಲ್ಲ, ಸಕ್ಕರೆ ಅಚ್ಚು ಅದ್ರಲ್ಲೇ ಬರುತ್ತೆ. ಬರೀ ಕೊಡ್ತಾ ಇದ್ರೆ ನಾವು ದಾನ ಮಾಡೋರು ಆಗ್ತೀವಿ, ಬೀದಿಯವರಾಗಲ್ಲ. ನಮ್ಮ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಡಿಗಲ್ಲು ಹಾಕಿದ್ದು ನಾಲ್ವಡಿ ಕೃಷ್ಣರಾಜ ಒಡೆಯರು, ನಾವು ಪೂಜೆಗೆ ನಿಲ್ಲೋ ಜಾಗಾನೇ ಈ ಊರಿನ ಕೈಯಿಂದ ಪಡೆದದ್ದು.

ಈ ವರ್ಷ ಅಜ್ಜಿಗೆ ಮಂಡಿನೋವು, ನಮ್ಮ ಮೆಟ್ಲು ಹತ್ತೋಕಾಗಲ್ಲ ಅಂದ್ರು. ಹಾಗಾಗಿ ಗೋದಲಿನ ಹಾಲಿಂದ ಕೆಳಗೆ ಅವ್ರ ಬಾಗಿಲ ಎದುರಿನ ಜಗಲಿಗೆ ಇಳಿಸ್ತಿದೀವಿ, ಅವ್ರನ್ನ ಕೇಳೇ. ರಾಗಿ ಈಗಾಗ್ಲೇ ಎರಡು ಬೆರಳು ಎದ್ದಿದೆ. ಬೆಳಗಿನ ಜಾವ ಇಬ್ಬನಿ ಬೀಳುತ್ತೆ, ಮೇಲೆ ತೆಂಗಿನ ಗರಿ ಹೊದಿಸ್ಬೇಕು, ಗರಿ ಕೊಡ್ತೀನಿ ಅಂತ ಆಪಾ ಯಜಮಾನ್ರು ಹೇಳಿದಾರೆ, ನಾಳೆ ಹೋಗಿ ತರ್ಬೇಕು.