ಗೇಣುದ್ದ ಬಾಳೆನಾರು

ನಾಳೆ ತಂಗಿ ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಡುತ್ತಾಳೆ.

"ಎಷ್ಟ್ ದೂರ ಆಗ್ತು?" ಆಯಿ ಕೇಳಿದಳು.

ಮಗನ ಗ್ಲೋಬ್ ತಂದಿಟ್ಟೆ. ಹೂ ಕಟ್ಟುತ್ತಿದ್ದ ಒದ್ದೆ ಬಾಳೆನಾರನ್ನೇ ಎರಡೂರಿನ ಮೇಲೆ ಬಿಗಿಯಾಗಿ ಎಳೆದು ಹಿಡಿದಳು. ನಾರು ಸಮುದ್ರದ ಕಡೆ ಹೋಗಲೇ ಇಲ್ಲ! ಸೀದಾ ಮೇಲೆ ಹತ್ತಿ, ಉತ್ತರ ಧ್ರುವದ ಕಡೆಯ ಹಿಮಸೀಮೆ ಹಾದು ಆಚೆ ಇಳಿಯಿತು. ಗೋಡೆ ನಕ್ಷೆ ನೋಡಿ ಇಷ್ಟು ದಿನ ಅಡ್ಡಕ್ಕೆ ಹೋಗೋದು ಅಂದುಕೊಂಡಿದ್ದೆ ಸುಮ್ನೆ.

ಸುಮಾರು 14,000 ಕಿಲೋಮೀಟರ್. ಎಲ್ಲೂ ಇಳಿಯದೆ ಹಾರಿದರೂ 16-17 ಗಂಟೆ. ಶಿರಸಿಯಿಂದ ಬೆಂಗಳೂರಿನ 400 ಕಿಲೋಮೀಟರಿಗೇ ನಮಗೆ ರಾತ್ರಿಯಿಡೀ ಬಸ್ಸು ಬೇಕು, ಅಲ್ವಾ?

ಗ್ಲೋಬಿನ ಮೇಲೆ ಮಾತ್ರ ಗೇಣುದ್ದ ನಾರು. ಇಷ್ಟೇನಾ ಅನಿಸಿತು.

ಆಯಿಯ ಚಿಂತೆಯೇ ಬೇರೆ. "ಅಷ್ಟ್ ಚಳೀಲಿ ಅಪ್ಪೆಮಿಡಿ ಗಟ್ಟಿ ಆಗ್ತಿಲ್ಯ?"

ಉಪ್ಪಿನಕಾಯಿ ಡಬ್ಬಿಗೆ ಇನ್ನೊಂದು ಸುತ್ತು ಟೇಪು ಹಾಕಿದೆ.