ಬ್ಯಾಚಿನಲ್ಲಿ ಸಿಕ್ಕ ರೇಡಿಯೋ ಅಜ್ಜ

ಹಳೆಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ, ಅದರಲ್ಲಿರುವ ಹೆಸರುಗಳನ್ನು ಡಿಜಿಟಲ್ ದಾಖಲೆಗೆ ಏರಿಸುವುದು ನಮ್ಮ ಕಂಪನಿಯ ಕೆಲಸ. ಅದಕ್ಕೆ ಬಳಸುವ ಟೂಲ್‌ನಲ್ಲಿ ರಾತ್ರಿ ಹೊತ್ತು ತಾನಾಗಿಯೇ ಓಡುವ ಒಂದು ಜಾಬ್ ಇದೆ. ಅದೇ ಇನಿಷಿಯಲ್, ಅದೇ ಸರ್‌ನೇಮ್, ಅದೇ ಜಿಲ್ಲೆ ಕಂಡರೆ ಸಾಕು, ಎರಡು ಹೆಸರನ್ನು ಸೇರಿಸಿ ಒಬ್ಬನೇ ಮನುಷ್ಯನನ್ನಾಗಿ ಮಾಡಿಬಿಡುತ್ತದೆ. ಇದನ್ನು ನಿಲ್ಲಿಸಿ, ಇಲ್ಲವೇ ಗುಣಮಟ್ಟ ನೋಡುವ ಕ್ಯೂಸಿ ತಂಡದ ಕೈಗೆ ಕೊಡಿ ಎಂದು ನಾವು ಎಷ್ಟೋ ಸಲ ಟಿಕೆಟ್ ಹಾಕಿದ್ದೇವೆ. ಪ್ರತಿ ಸಲವೂ ಬರುವುದು ಒಂದೇ ಉತ್ತರ: ‘ಪ್ರೊಡಕ್ಟಿವಿಟಿ ಬೀಳುತ್ತದೆ’. ಕರಾವಳಿಯಲ್ಲಿ ಒಂದು ಸರ್‌ನೇಮ್ ಎಂದರೆ ಕೇರಿಗೆ ಹತ್ತು ಮನೆ. ಅದರಲ್ಲಿ ಒಂದೇ ಇನಿಷಿಯಲ್‌ನವರು ನಾಲ್ಕು ಜನ ಇದ್ದೇ ಇರುತ್ತಾರೆ. ಬೆಂಗಳೂರಿನಲ್ಲಿ ಕೂತು ರೂಲ್ ಬರೆದವರಿಗೆ ಇದು ಅರ್ಥವಾಗುವುದಿಲ್ಲ.

ಆ ಸಲ ಬಂದದ್ದು ಮುಂಬೈಯ ಕಾರ್ಮಿಕ ನಾಯಕರೊಬ್ಬರ ಖಾಸಗಿ ಕಾಗದಪತ್ರಗಳ ಬ್ಯಾಚ್. ಜೊತೆಗೆ ನಲವತ್ತು, ಐವತ್ತರ ದಶಕದ ಪತ್ರಿಕೆಗಳು. 1946ರ ಫೆಬ್ರವರಿಯಲ್ಲಿ ಬ್ರಿಟಿಷರ ಕೈಕೆಳಗಿದ್ದ ಭಾರತದ ನೌಕಾಪಡೆಯಲ್ಲಿ ನಡೆದ ನಾವಿಕರ ಬಂಡಾಯದ ಕಾಗದವೇ ಬಹಳ ಇತ್ತು. ಆ ತಿಂಗಳ 18ರಂದು ಮುಂಬೈಯ ‘ತಲ್ವಾರ್’ ಎಂಬ ಸಿಗ್ನಲ್ ತರಬೇತಿ ನೆಲೆಯ ಹುಡುಗರು, ಕೆಟ್ಟ ಊಟಕ್ಕೂ ಕಮಾಂಡರನ ಬೈಗುಳಕ್ಕೂ ರೋಸಿ, ಕೆಲಸಕ್ಕೆ ಹೋಗುವುದಿಲ್ಲ ಎಂದು ಕೂತರು. ಅದಕ್ಕೂ ಮೊದಲೇ ಬಿ.ಸಿ. ದತ್ ಎಂಬ ಟೆಲಿಗ್ರಾಫಿಸ್ಟ್ ಗೋಡೆಗಳ ಮೇಲೆ ‘ಕ್ವಿಟ್ ಇಂಡಿಯಾ’, ‘ಜೈ ಹಿಂದ್’ ಎಂದು ಬರೆದು ಬಂಧನಕ್ಕೊಳಗಾಗಿದ್ದ. ಮುಷ್ಕರ ಶುರು ಮಾಡಿದವರೇ ವೈರ್‌ಲೆಸ್ ಕೈಯಲ್ಲಿದ್ದವರು. ಹಾಗಾಗಿ ಕರಾಚಿಯಿಂದ ಕಲ್ಕತ್ತದವರೆಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. 78 ಹಡಗು, ಸುಮಾರು ಇಪ್ಪತ್ತು ಸಾವಿರ ನಾವಿಕರು. ಹಡಗುಗಳ ಕಂಬಗಳ ಮೇಲೆ ಕಾಂಗ್ರೆಸ್, ಮುಸ್ಲಿಂ ಲೀಗ್, ಕಮ್ಯುನಿಸ್ಟ್ ಮೂರೂ ಬಾವುಟ. ಮುಷ್ಕರ ಸಮಿತಿಗೆ ಎಂ.ಎಸ್. ಖಾನ್ ಅಧ್ಯಕ್ಷ, ಮದನ್ ಸಿಂಗ್ ಉಪಾಧ್ಯಕ್ಷ. ಅವರ ಬೆಂಬಲಕ್ಕೆ ಬೀದಿಗಿಳಿದ ಮುಂಬೈ ಜನರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಗುಂಡಿಗೆ ಸತ್ತರು. ಶರಣಾಗಿ, ನಿಮಗೆ ಶಿಕ್ಷೆಯಾಗದಂತೆ ನೋಡಿಕೊಳ್ಳುತ್ತೇವೆ ಎಂಬ ವಲ್ಲಭಭಾಯಿ ಪಟೇಲರ ಮಾತಿನ ಮೇಲೆ 23ರಂದು ಶರಣಾದರು. ಆಮೇಲೆ 476 ಜನರನ್ನು ಕೆಲಸದಿಂದ ತೆಗೆದರು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ನೌಕಾಪಡೆಯೂ ಅವರನ್ನು ವಾಪಸ್ ಕರೆಯಲಿಲ್ಲ.

ಹೀಗೆ ಕೆಲಸ ಹೋದ ಹುಡುಗರಿಗೆ ನೆರವು ಕೊಡಿಸಲು ಮಾಡಿದ್ದ ಒಂದು ಪಟ್ಟಿ ಆ ಕಾಗದಗಳ ನಡುವೆ ಇತ್ತು. ಕಾರ್ಬನ್ ಪ್ರತಿ, ಅಕ್ಷರ ಕದಡಿಹೋಗಿತ್ತು. ಚಿತ್ರದಿಂದ ಅಕ್ಷರ ಓದುವ ಓಸಿಆರ್‌ಗೆ ಒಂದು ಸಾಲೂ ದಕ್ಕದೆ ಇಡೀ ಪುಟ ಮ್ಯಾನುವಲ್ ಕೀಯಿಂಗ್‌ಗೆಂದು ನನ್ನ ಕ್ಯೂಗೆ ಬಂತು. ಹೆಸರು, ದರ್ಜೆ, ಊರು ಎಂದು ಮೂರು ಕಾಲಂ. ಪಂಜಾಬ್, ಮಲಬಾರ್, ಬಂಗಾಳದ ಊರುಗಳನ್ನು ಟೈಪ್ ಮಾಡುತ್ತ ಹೋದವಳಿಗೆ ಎರಡನೆಯ ಹಾಳೆಯಲ್ಲಿ ಕಂಡದ್ದು: ಟೆಲಿಗ್ರಾಫಿಸ್ಟ್, ಕುಮಟಾ, ನಾರ್ತ್ ಕೆನರಾ. ಹೆಸರು ನಮ್ಮ ರೇಡಿಯೋ ಅಜ್ಜನದು.

ಉತ್ತರ ಕನ್ನಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ನಮ್ಮ ಕಡೆಯ ಹುಡುಗರು ಹೊಟ್ಟೆಪಾಡಿಗೆ ಹೋಗುತ್ತಿದ್ದದ್ದೂ ಮುಂಬೈಗೇ. ಅಜ್ಜ ಕುಮಟೆ ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು, ನನ್ನ ಅಪ್ಪನ ಗೆಳೆಯ. ವಯಸ್ಸಿನಲ್ಲಿ ಅಪ್ಪನಿಗಿಂತ ಬಹಳ ದೊಡ್ಡವರಾದರೂ ಇಬ್ಬರೂ ಏಕವಚನದಲ್ಲೇ ಜಗಳವಾಡುತ್ತಿದ್ದರು. ಚೌತಿಗೆ ನಮ್ಮ ಮನೆಯಲ್ಲೇ ಊಟ. ಉಂಡಾದ ಮೇಲೆ ನಮ್ಮ ಮರ್ಫಿ ರೇಡಿಯೋದ ಹಿಂಬದಿ ಬಿಚ್ಚಿ, ವಾಲ್ವ್‌ಗಳ ಧೂಳು ಬಾಯಿಂದ ಊದಿ, ಧಾರವಾಡ ಸ್ಟೇಶನ್ನಿಗೆ ಮುಳ್ಳು ತಿರುಗಿಸಿ ಇಡುವುದು ಅವರ ಹಕ್ಕಾಗಿತ್ತು. ನನಗೆ ಬೆರಳಿನಿಂದ ಮಣೆ ಕುಟ್ಟಿ ನನ್ನ ಹೆಸರನ್ನು ಟೆಲಿಗ್ರಾಫಿನ ಸಂಕೇತವಾದ ಮೋರ್ಸ್‌ನಲ್ಲಿ ಹೇಳಿಕೊಟ್ಟವರೂ ಅವರೇ. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದರೆ ‘ಬೊಂಬಾಯಲ್ಲಿ ಒಂದು ಕಂಪ್ನಿ’ ಎನ್ನುತ್ತಿದ್ದರು. ಅವರು ತೀರಿಕೊಂಡು ಹದಿನೈದು ವರ್ಷದ ಮೇಲಾಯಿತು. ನೌಕಾಪಡೆ ಎಂಬ ಶಬ್ದ ಅವರ ಬಾಯಿಂದ ಯಾರೂ ಕೇಳಿರಲಿಲ್ಲ.

ಟೂಲ್ ‘ಪರ್ಸನ್ ಲಿಂಕ್?’ ಎಂದು ಕೇಳಿತು. ನಾನು ‘ಪಾಸಿಬಲ್’ ಎಂದು ಗುರುತು ಹಾಕಿ ಬಿಟ್ಟೆ. ಹೆಸರು ಕೂಡಿಬಂದ ಮಾತ್ರಕ್ಕೆ ಅವರೇ ಎನ್ನಲಾಗುವುದಿಲ್ಲ.

ನನ್ನ ಪಕ್ಕದ ಸೀಟಿನವನು ಹ್ಯಾಮ್, ಅಂದರೆ ಹವ್ಯಾಸಕ್ಕೆ ರೇಡಿಯೋದಲ್ಲಿ ಸಂದೇಶ ಕಳಿಸುವವನು. ಲಂಚ್ ಟೈಮಿನಲ್ಲೂ ಕಾಲ್‌ಸೈನ್ ಮಾತೇ ಆಡುವವನು. ಅಜ್ಜನ ಅಂಗಡಿಯಲ್ಲಿದ್ದ ಮೋರ್ಸ್ ಕೀಯ, ಅಂದರೆ ಸಂದೇಶ ಕುಟ್ಟುವ ಉಪಕರಣದ, ಫೋಟೋ ತರಿಸು ಎಂದ. ಅಜ್ಜನ ಮಗಳು, ನಾವೆಲ್ಲ ಅಕ್ಕ ಎನ್ನುವವಳು, ಫೋನಿನಲ್ಲಿ ತೆಗೆದು ಕಳಿಸಿದಳು. ಹಿತ್ತಾಳೆಯ ತೋಳು, ಒತ್ತುವ ಕರಿ ಗುಬುಟಿಯ ಅಂಚು ಒಂದು ಕಡೆ ಮಾತ್ರ ಸವೆದಿದೆ. ಬುಡದಲ್ಲಿ ಸಣ್ಣ ಬಾಣದ ಗುರುತು, ಪಕ್ಕದಲ್ಲಿ ‘ಎ.ಪಿ.’ ಎಂಬ ಎರಡಕ್ಷರ, ಒಂದು ನಂಬರ್. ಬಾಣವೆಂದರೆ ಬ್ರಿಟಿಷ್ ಸರಕಾರದ ಸ್ವತ್ತು, ಎ.ಪಿ. ಎಂದರೆ ಅಡ್ಮಿರಾಲ್ಟಿ ಪ್ಯಾಟರ್ನ್, ನೌಕಾಪಡೆಯದ್ದೇ ಎಂದು ಆತ ಕುರ್ಚಿಯಿಂದ ಎದ್ದೇಬಿಟ್ಟ. ನಾನು ಒಪ್ಪಲಿಲ್ಲ. ಯುದ್ಧ ಮುಗಿದ ಮೇಲೆ ಇಂಥ ಡಿಸ್ಪೋಸಲ್ ಮಾಲು ಮುಂಬೈಯ ಚೋರ್ ಬಜಾರಿನಲ್ಲಿ ಯಾರು ಬೇಕಾದರೂ ಕೊಳ್ಳಬಹುದಿತ್ತು. ರೇಡಿಯೋ ರಿಪೇರಿಯವರು ಕೊಳ್ಳದೆ ಇನ್ನಾರು ಕೊಳ್ಳುತ್ತಾರೆ?

ಆತ ಸುಮ್ಮನಿರಲಿಲ್ಲ. ಅಜ್ಜನ ಹೆಸರು ಹೇಳದೆ, ಕೀಯ ಫೋಟೋ ಮಾತ್ರ ತನ್ನ ಹ್ಯಾಮ್ ಗೆಳೆಯರಿಗೆ ಕಳಿಸಿದ. ಕೋಯಿಕ್ಕೋಡಿನಿಂದ ಒಬ್ಬರು ಉತ್ತರಿಸಿದರು: ಇಂಥದ್ದೇ ಒಂದು ನಮ್ಮ ಮನೆಯಲ್ಲೂ ಇದೆ, ನಮ್ಮ ತಾತ ‘ತಲ್ವಾರ್’ನಲ್ಲಿದ್ದರು, ಅವರ ಗೆಳೆಯರೊಬ್ಬರು ಕುಮಟಾ ಎಂಬ ಊರಿನವರು, ಅದು ನಿಮ್ಮ ಕಡೆಯೇ? ಕುಮಟೆಯ ಹೆಸರನ್ನು ನಾವು ಎಲ್ಲೂ ಎತ್ತಿರಲಿಲ್ಲ. ಕೀ ಯಾವ ರಾಜ್ಯದ್ದು ಎಂದು ಮಾತ್ರ ಹೇಳಿದ್ದೆವು. ಅದನ್ನು ಓದಿದಾಗ ಮೈ ಜುಮ್ಮೆಂದಿತು. ತಾತನ ಪೆನ್ಶನ್ ಫೈಲಿನಲ್ಲಿ ಆ ಗೆಳೆಯರ ಪತ್ರವೊಂದು ಇರಬೇಕು, ಹುಡುಕಿ ಕಳಿಸುತ್ತೇನೆ ಎಂದರು.

ಅಷ್ಟರಲ್ಲಿ ಕ್ಲೈಂಟ್ ಡೆಮೊ ಬಂತು.

ಮಧ್ಯಾಹ್ನ ಮೂರೂವರೆಗೆ, ಡೆಮೊಗೆ ಅರ್ಧ ಗಂಟೆ ಇರುವಾಗ, ಬಿಡುಗಡೆಗೆ ಮುಂಚಿನ ಪ್ರತಿಯಿರುವ ಸ್ಟೇಜಿಂಗ್‌ನಲ್ಲಿ ಸುಮ್ಮನೆ ಅಜ್ಜನ ಹೆಸರು ಹೊಡೆದು ನೋಡಿದೆ. ನಾನು ‘ಪಾಸಿಬಲ್’ ಎಂದು ಬಿಟ್ಟಿದ್ದನ್ನು ರಾತ್ರಿಯ ಜಾಬ್ ‘ಕನ್ಫರ್ಮ್ಡ್’ ಮಾಡಿತ್ತು. ಅದೂ ಯಾರ ಜೊತೆ? ಐವತ್ತರ ದಶಕದ ಪತ್ರಿಕೆಯೊಂದರಲ್ಲಿ ಸಹಕಾರಿ ಸಂಘದ ಹಣ ನುಂಗಿ ಜೈಲಿಗೆ ಹೋದ, ಕಾರವಾರದ ಕಡೆಯ, ಅದೇ ಹೆಸರಿನ ಗುಮಾಸ್ತನ ಜೊತೆ. ಒಂದೇ ಕಾರ್ಡು, ಒಂದೇ ಟೈಮ್‌ಲೈನ್: 1946, ನೌಕಾಪಡೆಯಿಂದ ವಜಾ, ಅದರ ಕೆಳಗೇ ವಂಚನೆ, ಶಿಕ್ಷೆ. ಎರಡನ್ನೂ ಓದಿದ ಯಾರಾದರೂ ಈ ಮನುಷ್ಯ ಮೊದಲಿನಿಂದಲೂ ಇಂಥವನೇ ಎಂದುಕೊಳ್ಳುತ್ತಾರೆ.

ಅನ್‌ಮರ್ಜ್ ಮಾಡಲು ಅಡ್ಮಿನ್ ರೈಟ್ಸ್ ಬೇಕು. ಅಡ್ಮಿನ್ ಕ್ಲೈಂಟ್ ಆಫೀಸಿನಲ್ಲಿ ಪ್ರೊಜೆಕ್ಟರ್ ಜೋಡಿಸುತ್ತಿದ್ದ, ಫೋನ್ ಎತ್ತಲಿಲ್ಲ. ಮ್ಯಾನೇಜರಿಗೆ ಹೇಳಿದರೆ, ‘ಸಾವಿರಾರು ಹೆಸರಲ್ಲಿ ಅವರು ಇದನ್ನೇ ಹುಡುಕ್ತಾರಾ? ಡೆಮೊ ಮುಗೀಲಿ’ ಎಂದರು. ನನ್ನ ಕೈಯಲ್ಲಿದ್ದದ್ದು ಒಂದೇ ದಾರಿ, ಇಡೀ ಬ್ಯಾಚನ್ನು ಹೋಲ್ಡ್‌ಗೆ ಹಾಕುವುದು. ಹಾಕಿದರೆ ಡೆಮೊದಲ್ಲಿ ತೋರಿಸಬೇಕಿದ್ದ ಒಳ್ಳೆಯ ವಸ್ತುಗಳೆಲ್ಲ ಮಾಯ. ಕಂಪನಿಗೆ ಸಂಬಂಧವಿಲ್ಲದ ಒಬ್ಬ ಅಜ್ಜನಿಗಾಗಿ ಟೀಮಿನ ತಿಂಗಳುಗಟ್ಟಲೆ ಕೆಲಸ ಮುಚ್ಚಿಡುವುದು ನ್ಯಾಯವೇ ಎಂದು ನನ್ನನ್ನೇ ಕೇಳಿಕೊಂಡೆ. ಆದರೆ ಆ ಕಾರ್ಡು ಅಜ್ಜನದಲ್ಲದೆ ಇನ್ನಾರದ್ದಾಗಿದ್ದರೂ ಸುಳ್ಳೇ. ನನ್ನ ಅಜ್ಜನಾದದ್ದರಿಂದ ನನಗೆ ಕಂಡಿತು, ಅಷ್ಟೆ. ಕಾಣದೇ ಹೋದವು ಇನ್ನೆಷ್ಟಿವೆಯೋ ಎಂಬ ಯೋಚನೆ ಬಂದ ಮೇಲೆ ಕೈ ತಡೆಯಲಿಲ್ಲ. ನಾಲ್ಕಕ್ಕೆ ಎರಡು ನಿಮಿಷವಿರುವಾಗ ಹೋಲ್ಡ್ ಒತ್ತಿ, ಕಾರಣದ ಜಾಗದಲ್ಲಿ ‘ತಪ್ಪು ಗುರುತು, ಮಾನಹಾನಿ’ ಎಂದು ಬರೆದು, ಮ್ಯಾನೇಜರಿಗೆ ಮೇಲ್ ಹಾಕಿದೆ.

ಬೈಗುಳ ಬಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಆ ಸಂಜೆಯೇ ಕೋಯಿಕ್ಕೋಡಿನಿಂದ ಸ್ಕ್ಯಾನ್ ಬಂತು. 1972ರಲ್ಲಿ ಕೇಂದ್ರ ಸರಕಾರ ಸ್ವಾತಂತ್ರ್ಯ ಹೋರಾಟಗಾರರ ಪೆನ್ಶನ್ ಯೋಜನೆ ತಂದಿತು. ಅದರಡಿ ಮಾನ್ಯ ಮಾಡಿದ ಹೋರಾಟಗಳಲ್ಲಿ ಈ ನಾವಿಕರ ಬಂಡಾಯವೂ ಸೇರಿದೆ. ಅರ್ಜಿಯ ಜೊತೆ, ಅಂದು ಜೊತೆಗಿದ್ದವರು ಬರೆದುಕೊಟ್ಟ ಪತ್ರಗಳನ್ನು ಆ ತಾತ ಕೂಡಿಹಾಕಿದ್ದರು. ಅಜ್ಜನ ಪತ್ರ ಒಂದು ಪುಟ, ಕೈಬರಹ, ಇಂಗ್ಲಿಷ್. ಇವರು ನನ್ನ ಜೊತೆ ‘ತಲ್ವಾರ್’ನಲ್ಲಿದ್ದರು, ಮುಲುಂಡ್ ಕ್ಯಾಂಪಿನಲ್ಲಿ ನಮ್ಮಿಬ್ಬರನ್ನೂ ಕೂಡಿಹಾಕಿದ್ದರು, ಇಬ್ಬರನ್ನೂ ತೆಗೆದುಹಾಕಿದರು ಎಂದಿದೆ. ಕೆಳಗೆ ಸಹಿ, ಕುಮಟೆಯ ಅಂಗಡಿಯ ವಿಳಾಸ. ಊರಿಗೆ ಫೋನ್ ಮಾಡಿ, ಮರ್ಫಿಯ ಹಿಂದೆ ಅಂಟಿಸಿಟ್ಟಿದ್ದ ರಿಪೇರಿ ಚೀಟಿಯ ಫೋಟೋ ತಮ್ಮನಿಂದ ತರಿಸಿಕೊಂಡೆ. ಸಹಿಯ ಕೊನೆಯಲ್ಲಿ ಹಿಂದಕ್ಕೆ ಎಳೆದು ಕೆಳಗೆ ಎರಡು ಚುಕ್ಕಿ ಇಡುವ ರೀತಿ ಎರಡರಲ್ಲೂ ಒಂದೇ. ಗುಮಾಸ್ತ ಜೈಲಿನಲ್ಲಿದ್ದ ವರ್ಷದ ತಾರೀಖಿನ ಚೀಟಿಯೂ ಅದೇ ಅಂಗಡಿಯದು ಸಿಕ್ಕಿತು. ಇಬ್ಬರೂ ಬೇರೆ ಎನ್ನಲು ಇನ್ನೇನು ಬೇಕು?

ಮರುದಿನ ಮ್ಯಾನೇಜರ್ ಪೂರ್ತಿ ತಿರುಗಿಬಿಟ್ಟರು. ಇದು ಸೂಪರ್ ಸ್ಟೋರಿ, ಅಜ್ಜನ ಫೋಟೋ ಹಾಕಿ ಕ್ಲೈಂಟಿಗೆ ಒಂದು ಪ್ರೆಸೆಂಟೇಶನ್ ಮಾಡೋಣ, ‘ಮುಷ್ಕರದ ಸಂದೇಶ ಕಳಿಸಿದ ಕೈ’ ಎಂದು ಹೆಡಿಂಗ್ ಕೊಡೋಣ ಎಂದರು. ಅಜ್ಜ ಯಾವ ಸಂದೇಶವನ್ನೂ ಕಳಿಸಿದ್ದಕ್ಕೆ ನಮ್ಮ ಬಳಿ ದಾಖಲೆ ಇಲ್ಲ. ಅವರು ಟೆಲಿಗ್ರಾಫಿಸ್ಟ್, ಅಲ್ಲಿದ್ದರು, ಕೂಡಿಹಾಕಿದರು, ತೆಗೆದರು, ಇಷ್ಟೇ ಗೊತ್ತು. ಅದಕ್ಕಿಂತ ಹೆಚ್ಚಾಗಿ, ತಾವೇ ಬದುಕಿಡೀ ಹೇಳದಿದ್ದ ಮಾತನ್ನು ಅಜ್ಜಿಯನ್ನು ಕೇಳದೆ ನಾನು ಪರದೆ ಮೇಲೆ ಹಾಕುವುದಿಲ್ಲ ಎಂದೆ.

ಕುಮಟೆಗೆ ಹೋದೆ. ದಾರಿಯುದ್ದಕ್ಕೂ ಈ ಸುದ್ದಿಯನ್ನು ಅಜ್ಜಿಗೆ ಹೇಗೆ ತಿಳಿಸಲಿ, ಎದೆ ಒಡೆದುಕೊಂಡರೆ ಏನು ಗತಿ ಎಂಬುದೇ ಚಿಂತೆ. ಅಕ್ಕನಿಗಂತೂ ಏನೂ ಗೊತ್ತಿರಲಿಲ್ಲ, ಪತ್ರ ಓದಿ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಅಜ್ಜಿ ಕನ್ನಡಕ ಹಾಕಿಕೊಂಡು ಸಹಿ ನೋಡಿದರು.

‘ನಂಗೆಲ್ಲ ಗುತ್ತಿತ್ತು ತಂಗೀ. ಮದುವೆಗಿಂತ ಮೊದ್ಲೇ ಹೇಳಿದ್ರು. ನೌಕರಿಯಿಂದ ತೆಗೆದುಹಾಕಿದ ಹುಡುಗ ಅಂತ ಎರಡು ಸಂಬಂಧ ತಪ್ಪಿತ್ತು ಅವರಿಗೆ. ನಮ್ಮಪ್ಪ ಹೂಂ ಅಂದ. ಆಮೇಲೆ ಯಾರ ಹತ್ರನೂ ಎತ್ತೂದು ಬೇಡ ಅಂದಿದ್ರು.’

ಹಾಗಾದರೆ ಪೆನ್ಶನ್ ಅರ್ಜಿ? ಗೆಳೆಯನಿಗೆ ಪತ್ರ ಬರೆದುಕೊಟ್ಟವರು ತಾವೇಕೆ ಹಾಕಲಿಲ್ಲ?

‘ಅವನಿಗೆ ಮಕ್ಕಳು ಸಣ್ಣವು, ಬೇಕಿತ್ತು, ಬರೆದುಕೊಟ್ರು. ಇವ್ರದ್ದು ಒಂದೇ ಹಟ. ದುಡ್ಡು ಬೇಡ, ನಲ್ವತ್ತೇಳರಲ್ಲಿ ಕೆಲ್ಸ ವಾಪಸ್ ಕೊಡಬೇಕಿತ್ತು ಅಂತ. ನಾ ಹೇಳಿ ಹೇಳಿ ಸಾಕಾಯ್ತು.’ ಅಜ್ಜಿಯ ದನಿಯಲ್ಲಿ ಹೆಮ್ಮೆಗಿಂತ ಸಿಟ್ಟೇ ಜಾಸ್ತಿ ಇತ್ತು. ಆ ಪೆನ್ಶನ್ ಬಂದಿದ್ದರೆ ಅಂಗಡಿ ಮಾರುವ ಪ್ರಸಂಗ ಬರುತ್ತಿರಲಿಲ್ಲ ಎಂದೂ ಹೇಳಿದರು. ಆ ಸಿಟ್ಟು ನ್ಯಾಯವಾದದ್ದೇ ಎಂದು ನನಗೆ ಅನಿಸಿತು. ಹಟ ಹಿಡಿದವರು ಅಜ್ಜ, ನಡುವಯಸ್ಸಿನಲ್ಲಿ ಬೇರೆಯವರ ಮನೆಗೆ ಹಪ್ಪಳ ಒತ್ತಿ ಕೊಟ್ಟವರು ಅಜ್ಜಿ.

ಹೆಸರು ಹಾಕಬಹುದೇ ಎಂದು ಕೇಳಿದೆ. ಕಾರವಾರದ ಗುಮಾಸ್ತನ ವಿಷಯವನ್ನೂ ಮುಚ್ಚಿಡದೆ ಹೇಳಿದೆ. ಸ್ವಲ್ಪ ಯೋಚಿಸಿ, ‘ಹೆಸ್ರು ಹಾಕು, ಊರೂ ಹಾಕು. ಆ ಕಳ್ಳನ ಸುದ್ದಿ ಇವರ ಹತ್ರ ಬರಬಾರದು. ಮತ್ತೆ ಪೇಪರಿನವರನ್ನ ಮನೆಗೆ ಕಳಿಸಬೇಡ’ ಎಂದರು.

ಈಗ ದಾಖಲೆಯಲ್ಲಿ ಅಷ್ಟೇ ಇದೆ: ಹೆಸರು, ದರ್ಜೆ, ಕುಮಟಾ, ಪಟ್ಟಿಯ ಪುಟ. ಪತ್ರದ ಸ್ಕ್ಯಾನ್ ಕೋಯಿಕ್ಕೋಡಿನ ಮನೆಯವರ ಸ್ವತ್ತು, ಅವರು ಹೇಳುವವರೆಗೆ ಅದು ನಮ್ಮ ಸರ್ವರ್‌ಗೆ ಏರುವುದಿಲ್ಲ. ಗುಮಾಸ್ತನಿಗೆ ಬೇರೆ ಕಾರ್ಡು ಆಗಿದೆ. ಅವನಿಗೂ ಮಕ್ಕಳು ಮೊಮ್ಮಕ್ಕಳು ಇರಬಹುದು, ಅವನ ಮೇಲೆ ವಜಾ ಆದ ನಾವಿಕನೆಂಬ ಸುಳ್ಳು ಕೂರುವುದೂ ಸರಿಯಲ್ಲ. ವಿಧವೆಗೆ ಸಿಗುವ ಕುಟುಂಬ ಪೆನ್ಶನ್ನಿಗೆ ಈಗಲಾದರೂ ಅರ್ಜಿ ಹಾಕಬೇಕೆಂದು ಅಕ್ಕ, ಅವರು ಬೇಡವೆಂದದ್ದು ನನಗೂ ಬೇಡ ಎಂದು ಅಜ್ಜಿ, ಇಬ್ಬರ ನಡುವೆ ವಾದ ನಡೆದಿದೆ.

ರಾತ್ರಿಯ ಜಾಬ್ ಮಾತ್ರ ನಿಂತಿಲ್ಲ. ನಾನು ಹಾಕಿದ ಟಿಕೆಟ್ ‘ನೆಕ್ಸ್ಟ್ ರಿಲೀಸ್’ ಎಂಬ ಗುರುತಿನಡಿ ಕೂತಿದೆ. ಕ್ರಿಮಿನಲ್ ಕೇಸಿನ ಸುದ್ದಿಯಿರುವ ಯಾವ ಕಾರ್ಡನ್ನೂ ಮನುಷ್ಯರು ನೋಡದೆ ಮರ್ಜ್ ಮಾಡಬಾರದು ಎಂಬ ಒಂದು ರೂಲ್ ಅನ್ನು ಮಾತ್ರ ಜಗಳವಾಡಿ ಹಾಕಿಸಿದ್ದೇವೆ. ಹಾಕಿಸಿದ ವಾರವೇ ಕ್ಯೂಗೆ ಬಂದು ಬಿದ್ದ ಅಂಥ ಜೋಡಿಗಳನ್ನು ನಾನೂ ಹ್ಯಾಮ್ ಗೆಳೆಯನೂ ಸಂಜೆ ಕೂತು ಬಿಡಿಸುತ್ತಿದ್ದೇವೆ. ಬಹಳಷ್ಟು ಬೇರೆ ಬೇರೆ ಜನರದ್ದೇ. ಕೋಯಿಕ್ಕೋಡಿನವರ ಬಳಿ ತಾತನ ಇನ್ನೊಂದು ಕಟ್ಟು ಕಾಗದ ಇದೆಯಂತೆ. ಅದು ಬಂದರೆ ಆಟೋ ಲಿಂಕ್‌ಗೆ ಬಿಡದೆ ಪೂರ್ತಿ ಕೈಯಿಂದಲೇ ಟ್ಯಾಗ್ ಮಾಡುವುದು, ಮನೆಯವರನ್ನು ಕೇಳಿಯೇ ಹೆಸರು ಜೋಡಿಸುವುದು ಎಂದು ಮ್ಯಾನೇಜರ್ ಕೈಯಲ್ಲಿ ಮೇಲ್ ಬರೆಸಿಕೊಂಡಿದ್ದೇನೆ.